ಡಚ್ ನ್ಯಾಯಾಧಿಕಾರಿಯ ಅರ್ಥ ಹೇಳಿದ ಸಂಜೆ

ದೈವ ಮೈಮೇಲೆ ಬರುವುದು, ಬಾಯಲ್ಲಿ ನುಡಿಸುವುದು ಇವೆಲ್ಲ ಬರೀ ನಾಟಕ ಎಂದು ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ನಾವು ಕರಾವಳಿಯ ಕೆಲವರು ಶುಕ್ರವಾರ ಸಂಜೆ ಸೇರಿ ತಾಳಮದ್ದಳೆ ನಡೆಸುತ್ತಿದ್ದೆವು. ವೇಷವಿಲ್ಲ, ಬರೆದ ಮಾತಿಲ್ಲ. ಕೂತಲ್ಲೇ ಪಾತ್ರದ ಮಾತನ್ನು, ಅಂದರೆ ಅರ್ಥವನ್ನು, ಆಶುವಾಗಿ ಹೇಳುವುದು. ಆ ಸಲ ಪುರಾಣ ಬಿಟ್ಟು ಹೊಸದೊಂದು ಪ್ರಸಂಗ ಕಟ್ಟಿದ್ದೆವು: ಹಿಂದೆ ಅಮೆರಿಕದ ಡಚ್ ವಸಾಹತಿನಲ್ಲಿದ್ದ ತುಪ್ಪಳದ ವ್ಯಾಪಾರಿಯೊಬ್ಬನ ಕಥೆ. ಕಾನೂನು ಮೀರಿ ಕಾಡಿಗೆ ಹೋಗಿ, ಬೇಟೆಗಾರರಿಗೆ ಬಟ್ಟೆ, ಪಾತ್ರೆ ಕೊಟ್ಟು ಬೀವರ್ ಎಂಬ ಪ್ರಾಣಿಯ ಚರ್ಮ ಕೊಂಡು ಸಿರಿವಂತನಾದವನು ಕೊನೆಗೆ ಊರಿನ ನ್ಯಾಯಾಧಿಕಾರಿಯೂ ಆದ. ತಾನು ಮಾಡಿದ್ದ ತಪ್ಪಿಗೇ ಬೇರೆಯವರಿಗೆ ದಂಡ ಹಾಕತೊಡಗಿದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಅವನ ಅರ್ಥ ನನ್ನದು. ಕದ್ದು ಕಾಡಿಗೆ ಹೋಗಿ ಬೇಟೆಗಾರರಿಂದ ತುಪ್ಪಳ ಕೊಂಡ ಆರೋಪಿಯ ಅರ್ಥ ನನ್ನ ಗೆಳೆಯ ಸದಾನಂದನದು. ಅವನು ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಟೆಕ್ನಿಶಿಯನ್. ಅವನ ಹೆಂಡತಿ ವನಿತಾ ಕೇಳುಗರ ನಡುವೆ ಎದುರಿಗೇ ಕೂತಿದ್ದಳು.

"ದಿನಾ ಬೆಳಿಗ್ಗೆ ಎಲ್ಲಿಗೆ ಹೋಗುತ್ತೀ?" ಎಂದು ನಾನು ವಿಚಾರಣೆ ಶುರುಮಾಡಿದ್ದು ನೆನಪಿದೆ. ಆಮೇಲೆ ನಾನಾಡಿದ ಮಾತು ನೆನಪಿಲ್ಲ, ಯಾರೋ ಮಾಡಿದ್ದ ಮೊಬೈಲ್ ರೆಕಾರ್ಡಿಂಗಿನಲ್ಲಿ ಕೇಳಿಯೇ ತಿಳಿದೆ. ಸ್ವರ ನನ್ನದೇ. "ಮೆಸಯೀದಿನ ಕೆಲಸ ಹೋಗಿ ಎಷ್ಟು ಕಾಲವಾಯಿತು? ಮನೆಯ ಬುತ್ತಿಯನ್ನು ಕಡಲ ಬದಿಯ ಬೆಂಚಿನಲ್ಲಿ ಕೂತು ಉಣ್ಣುವವನೇ, ಹೆಂಡತಿಗೆ ಯಾವಾಗ ಹೇಳುತ್ತೀ?"

ಅರ್ಥಗಾರಿಕೆಯ ಚಮತ್ಕಾರವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸದಾನಂದ ತಲೆ ತಗ್ಗಿಸಿದ. ವನಿತಾ ಎದ್ದು ಹೊರಗೆ ಹೋದಾಗಲೇ ಚಪ್ಪಾಳೆ ನಿಂತದ್ದು.

ಹೇಳಿದ್ದೆಲ್ಲ ನಿಜವಾಗಿತ್ತು. ದೇವರಾಣೆ, ನನಗೆ ಅದನ್ನು ಯಾರೂ ತಿಳಿಸಿರಲಿಲ್ಲ. ನಾಲ್ಕು ಜನರೆದುರು ಗೆಳೆಯನ ಮಾನ ಕಳೆದೆನಲ್ಲ ಎಂದು ಕೆಲವು ದಿನ ಅವನಿಗೆ ಮುಖ ತೋರಿಸಲಾಗಲಿಲ್ಲ. ಕೊನೆಗೆ ಅವನ ಮನೆಗೆ ಹೋಗಿ ಬಾಗಿಲಲ್ಲೇ ಹೇಳಿದೆ: "ಸದಾ, ನಂಗೆ ಎಂತದೂ ಗೊತ್ತಿರ್ಲಿಲ್ಲ ಮಾರಾಯ. ಆ ಮಾತು ಹೇಗೆ ಬಂತು ಅಂತ್ಲೂ ಗೊತ್ತಿಲ್ಲ."

ಬೈಯುತ್ತಾನೆಂದುಕೊಂಡಿದ್ದೆ. ಒಳಗೆ ಕರೆದು ಚಾ ತಂದಿಟ್ಟ. "ನೀನು ಗೊತ್ತಿದ್ದೇ ಹೇಳಿದ್ದು ಅಂತ ಗ್ರಹಿಸಿದ್ದೆ," ಎಂದ. "ಸಿಟ್ಟು ಬಂದಿತ್ತು. ಆದ್ರೆ ಒಬ್ಬನಾದ್ರೂ ನನ್ನ ಮುಖ ನೋಡಿ ತಿಳ್ಕೊಂಡ ಅಂತ ಸಮಾಧಾನವೂ ಆಗಿತ್ತು. ಪ್ರತಿ ಶುಕ್ರವಾರ ಒಟ್ಟಿಗೇ ಊಟ ಮಾಡ್ತಿದ್ದೆವಲ್ಲ. ನಿಜವಾಗ್ಲೂ ನಿಂಗೆ ಗೊತ್ತಾಗ್ಲಿಲ್ವಾ?"

ಅದನ್ನು ನನ್ನ ಬಾಯಲ್ಲಿ ಯಾರು ನುಡಿಸಿದರೋ ಇಂದಿಗೂ ತಿಳಿಯದು. ಆ ದಿನ ಸದಾನಂದನ ಮುಖವನ್ನು ಸರಿಯಾಗಿ ನೋಡಿದೆ. ಚಾ ಕುಡಿದು ಎದ್ದು ಬಂದೆ.