ಪ್ಲಗ್ಗು ಕಿತ್ತ ಮೇಲೂ ಉಳಿಯುವ ಕರೆಂಟು

ಹೊನ್ನಾವರದ ಕಡೆ ಹೋಗುವ ಮೊದಲ ಬಸ್ಸು ಇನ್ನೂ ಹಾರ್ನ್ ಹೊಡೆದಿಲ್ಲ. ಕುಮಟೆಯ ಜ್ಞಾನಸಾಗರ ಕಾಲೇಜಿನ ಹಿತ್ತಿಲಲ್ಲಿ ಗಣಪಿ ಸೊಂಟದ ಮೇಲಿನ ಕೊಡ ಬಗ್ಗಿಸಿ ನೆಲಕ್ಕೆ ನೀರು ಹೊಯ್ಯುತ್ತಿದ್ದಾಳೆ. ಅಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ. ಚಿರೆಕಲ್ಲಿನ ನೆಲದಲ್ಲಿ ತೋಡಿದ ಒಂದು ಗುಂಡಿ, ಅದರ ಬಾಯಿಗೆ ಮುಚ್ಚಿದ ಒಡಕು ಹೆಂಚು, ಒಳಗಿನಿಂದ ಎದ್ದು ಗೋಡೆ ಹತ್ತಿ ಪ್ರಯೋಗಶಾಲೆಯ ಕಿಟಕಿಯೊಳಗೆ ನುಸುಳುವ ದಪ್ಪ ತಾಮ್ರದ ತಂತಿ, ಇಷ್ಟೇ. ಗದ್ದೆ ಕೆಲಸಕ್ಕೆ ಹೊರಟ ಹೆಂಗಸರು ಬೇಲಿಯಾಚೆ ನಿಂತು ನಗುತ್ತಾರೆ. "ಎಂತದೇ ಗಣಪಿ, ನಿನ್ನ ತಂತಿ ಇನ್ನೂ ಮೊಳಕೆ ಬರ್ಲಿಲ್ವೇ?"

"ಬತ್ತದೆ, ಬತ್ತದೆ. ಬಂದ್ರೆ ನಿಮ್ಗೇ ಮೊದ್ಲು ಹೇಳ್ತೆ" ಎನ್ನುತ್ತಾ ಗಣಪಿ ಎರಡನೇ ಕೊಡಕ್ಕೆ ಬಾವಿಯತ್ತ ನಡೆಯುತ್ತಾಳೆ. ನಗುವವರಿಗೆ ನಗಲು ಬಿಡುವುದು ಅವಳಿಗೆ ರೂಢಿಯಾಗಿದೆ.

ಗುಂಡಿಯ ತಳದಲ್ಲಿ ಇದ್ದಿಲು, ಉಪ್ಪು, ಅವುಗಳ ನಡುವೆ ಒಂದು ತಾಮ್ರದ ಹಲಗೆ ಇವೆ. ಒಳಗಿನ ಯಂತ್ರಗಳಲ್ಲಿ ಕರೆಂಟು ಎಲ್ಲಾದರೂ ದಾರಿತಪ್ಪಿ ತಗಡಿನ ಮೈಗೆ ಬಂದರೆ ಈ ತಂತಿ ಹಿಡಿದು ನೆಲಕ್ಕಿಳಿಯಬೇಕು. ಮಳೆಗಾಲದಲ್ಲಿ ಚಿಂತೆಯಿಲ್ಲ. ಬೇಸಿಗೆ ಹತ್ತಿರವಾದರೆ ಚಿರೆಕಲ್ಲು ಒಣಗಿ ಕೂರುತ್ತದೆ. "ಮಣ್ಣು ಒಣಗಿದ್ರೆ ಕರೆಂಟಿಗೆ ಒಳಗೆ ಹೋಗೂಕೆ ದಾರಿ ಇಲ್ಲ" ಎನ್ನುತ್ತಾಳೆ ಗಣಪಿ. "ದಾರಿ ಸಿಗದಿದ್ರೆ ಅದು ಮನುಷ್ಯನ್ನ ಹುಡುಕ್ತದೆ."

ಅವಳ ಹುದ್ದೆ ಕಸಗುಡಿಸುವವಳದು. ಭೌತಶಾಸ್ತ್ರದ ಪ್ರಯೋಗಶಾಲೆ ಗುಡಿಸಿ, ಬೆಂಚು ಒರೆಸಿ, ಬಾಗಿಲು ಹಾಕಿದರೆ ಸಂಬಳದ ಕೆಲಸ ಮುಗಿಯಿತು. ಮಿಕ್ಕಿದ್ದನ್ನೆಲ್ಲ ಅವಳು ಯಾರೂ ಹೇಳದೆ ಮೈಮೇಲೆ ಎಳೆದುಕೊಂಡಿದ್ದಾಳೆ. ಕೋಣೆಯ ಬಾಗಿಲಲ್ಲಿ ರಬ್ಬರ್ ಚಪ್ಪಲಿಗಳ ಸಾಲೊಂದಿದೆ. ನಮ್ಮ ಕಡೆ ಶಾಲೆಯೆಂದರೆ ಸರಸ್ವತಿಯ ಮನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು ಹುಟ್ಟಿದಾಗಿನಿಂದ ಕಾಲಿಗೇ ಗೊತ್ತು. ಇಲ್ಲಿ ಮಾತ್ರ ಬರಿಗಾಲಲ್ಲಿ ಬಂದವನನ್ನು ಗಣಪಿ ಹೊಸ್ತಿಲಲ್ಲೇ ತಡೆಯುತ್ತಾಳೆ. "ಮೆಟ್ಟು ಹಾಕ್ಕಣಿ ಮಾರಾಯ್ರೇ. ದೇವ್ರು ಸಿಟ್ಟಾದ್ರೆ ಪಾಪ ನಂಗೆ ಬರ್ಲಿ." ಹುಡುಗರು ಹಲ್ಲು ಕಿಸಿಯುತ್ತಾರೆ, ಆದರೂ ಹಾಕಿಕೊಳ್ಳುತ್ತಾರೆ.

ಮೂಲೆಯ ಮೇಜಿನ ಮೇಲೆ ಕಪ್ಪು ತಗಡಿನ ಪೆಟ್ಟಿಗೆಯೊಂದಿದೆ. ಅದು ಆಂಪ್ಲಿಫಯರ್. ಕಿವಿಗೆ ಕೇಳದಷ್ಟು ಸಣ್ಣ ಸಪ್ಪಳವನ್ನೂ ದೊಡ್ಡದು ಮಾಡಿ ತೋರಿಸುವ ಯಂತ್ರ. ಒಳಗೆ ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತವೆ. ಗಣಪಿ ಅದನ್ನು ಬಟ್ಟೆಯಿಂದ ಒರೆಸುವುದಿಲ್ಲ, ಒಣ ಕೋಳಿಗರಿಯಿಂದ ಧೂಳು ಹಾರಿಸುತ್ತಾಳೆ. ಹಾರಿಸುವಾಗ ಎಡಗೈ ಸೆರಗಿನೊಳಗೆ ಸೊಂಟಕ್ಕೆ ಒತ್ತಿರುತ್ತದೆ. ಎರಡೂ ಕೈ ತಾಗಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೇಲೇ ದಾಟುತ್ತದೆ ಎಂದು ಅವಳಿಗೆ ಹೇಳಿಕೊಟ್ಟವರು ಭೌತಶಾಸ್ತ್ರದ ಮಹಾಲೆ ಮಾಸ್ತರರು. ಎಂಟು ವರ್ಷದ ಹಿಂದೆ ಇದೇ ಪೆಟ್ಟಿಗೆ ಅವಳ ಗಂಡ ದೇವುವಿನ ಜೀವ ತೆಗೆದಿದೆ.

ಸಂತೆಗುಳಿಯ ಕಡೆಯಿಂದ ಬಂದ ದೇವು ಆಗ ಈ ಪ್ರಯೋಗಶಾಲೆಯ ಜವಾನ. ಊರಿಗೆ ಕರೆಂಟು ಬಂದದ್ದೇ ಹೊಸದು. ಬಲ್ಬು ಹತ್ತಿದರೆ ಕೈಮುಗಿಯುವವರು ಕೇರಿಯಲ್ಲಿ ಇನ್ನೂ ಇದ್ದರು. ಆ ವರ್ಷದ ಆಯುಧಪೂಜೆಗೆ ಸರಿಯಾಗಿ ಗಣಪಿ ಹೆತ್ತು ಬಾಣಂತಿಯಾಗಿದ್ದಳು. ಹೆರಿಗೆಯ ಮೈಲಿಗೆ ಹಿಂದಿನ ದಿನವಷ್ಟೇ ಕಳೆದಿತ್ತು. ಎಲ್ಲಾದರೂ ಚೂರು ಉಳಿದಿದ್ದರೆ ಎಂಬ ಅಂಜಿಕೆ ದೇವುವಿಗೆ. ಮನೆಯಲ್ಲಿ ಮಿಂದು ಹೋದವನು ಕಾಲೇಜಿನ ಬಾವಿಯಲ್ಲಿ ಇನ್ನೊಮ್ಮೆ ಮಿಂದು, ತೊಟ್ಟಿಕ್ಕುವ ಒದ್ದೆ ಪಂಚೆಯಲ್ಲೇ ಪೂಜೆಗೆ ಅಣಿಮಾಡಲು ನಿಂತ.

ಪೂಜೆಯ ಭಜನೆ ಎಲ್ಲರಿಗೂ ಕೇಳಲಿ ಎಂದು ಆಂಪ್ಲಿಫಯರಿಗೆ ಮೈಕು ಸಿಕ್ಕಿಸುವ ಏರ್ಪಾಡಿತ್ತು. ಬೆಳಿಗ್ಗೆ ಹಚ್ಚಿ ನೋಡಿದರೆ ಸದ್ದಿಲ್ಲ. ಒಳಗಿನ ವಾಲ್ವೊಂದು ಸುಟ್ಟಿತ್ತು. ಮಹಾಲೆ ಮಾಸ್ತರರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಹಣ್ಣುಕಾಯಿ ತರಲು ಪೇಟೆಗೆ ಹೋದರು. ದೇವುವಿಗೆ ಕಾಯಿಲೆ ಬಿದ್ದ ಯಂತ್ರದ ತಗಡಿಗೆ ಮಾತ್ರ ಕುಂಕುಮ ಹಚ್ಚಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಉರಿಯುವುದು ಒಳಗಿನ ದೀಪಗಳಲ್ಲವೇ, ಜೀವ ಇರುವುದು ಅಲ್ಲಲ್ಲವೇ? ಮುಚ್ಚಳದ ಸ್ಕ್ರೂ ಬಿಚ್ಚಿ, ಪೆಟ್ಟಿಗೆ ಮಗುಚಿ, ಎಡಗೈಯಲ್ಲಿ ತಗಡು ಹಿಡಿದು, ಕುಂಕುಮದ ಬೆರಳನ್ನು ಒಳಗೆ ಹಾಕಿದ. ಮಾಸ್ತರರು ತಿರುಗಿ ಬಂದಾಗ ಅವನು ಬೆಂಚಿನ ಕೆಳಗೆ ಬಿದ್ದಿದ್ದ.

ಡಾಕ್ಟರರು ಹೃದಯ ನಿಂತಿದೆ ಎಂದರು. ಮಹಾಲೆ ಮಾಸ್ತರರು ಪೆಟ್ಟಿಗೆಯೊಳಗಿನ ಕಂಡೆನ್ಸರ್ ಎಂಬ ಡಬ್ಬಿಯ ವಿಷಯ ಹೇಳಿದರು, ಪಂಚನಾಮೆಗೆ ಬಂದವರು ತಲೆಯಾಡಿಸಿ ಎದ್ದುಹೋದರು. ಆಡಳಿತ ಸಮಿತಿ ಸಂತಾಪ ಸೂಚಿಸಿತು. ಮರುವರ್ಷ ಅದೇ ಪೆಟ್ಟಿಗೆಗೆ ಅದೇ ಸಮಿತಿ ಒದ್ದೆ ಸೇವಂತಿಗೆ ಮಾಲೆ ಹಾಕಿತು ಎಂದರೆ ಆ ಸಂತಾಪ ಎಷ್ಟು ಆಳದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗಣಪಿಯ ಮನೆಯಲ್ಲಿ ಸುಟ್ಟದ್ದು ಬೇರೆಯೇ. ಪ್ಲಗ್ಗು ಕಿತ್ತಿತ್ತು, ಅದನ್ನು ಕಂಡವರಿದ್ದರು. ಪ್ಲಗ್ಗು ಕಿತ್ತ ಮೇಲೆ ಕರೆಂಟೆಲ್ಲಿ? ಕರೆಂಟಿಲ್ಲದೆ ಸತ್ತನೆಂದರೆ ದೇವರೇ ಹೊಡೆದದ್ದು; ದೇವರು ಹೊಡೆದದ್ದು ಮೈಲಿಗೆಗೆ; ಮೈಲಿಗೆ ತಂದದ್ದು ಆಗಷ್ಟೇ ಹುಟ್ಟಿದ ಹೆಣ್ಣು. ಕೇರಿ ಈ ಲೆಕ್ಕವನ್ನು ಹೆಣ ಏಳುವ ಮೊದಲೇ ಮುಗಿಸಿತ್ತು. ಅತ್ತೆ ಮಾದಿ ಮೊಮ್ಮಗಳಿಗೆ 'ಅಪ್ಪನ್ನ ತಿಂದವ್ಳು' ಎಂದು ಹೆಸರಿಟ್ಟಳು. ಬಂಗಾರಿ ಎಂಬ ನಿಜವಾದ ಹೆಸರು ಅಜ್ಜಿಯ ಬಾಯಲ್ಲಿ ಇವತ್ತಿಗೂ ಬಂದಿಲ್ಲ. ಒಂದೇ ಸೂರಿನಡಿ ಇದ್ದರೂ ಆ ಮಗು ಮುಟ್ಟಿದ ನೀರನ್ನು ಮಾದಿ ಕುಡಿಯುವುದಿಲ್ಲ.

ಸತ್ತವನ ಕೆಲಸವನ್ನು ಹೆಂಡತಿಗೆ ಕೊಟ್ಟರು, ಒಂದು ಮೆಟ್ಟಿಲು ಕೆಳಗಿಳಿಸಿ. ಮೊದಮೊದಲು ಗಣಪಿ ಆ ಮೂಲೆಯತ್ತ ಕಣ್ಣೆತ್ತದೆ ಗುಡಿಸಿ ಬರುತ್ತಿದ್ದಳು. ಎದೆಹಾಲು ಬಿಡಿಸಿದ ಮೇಲೆ ಒಂದು ದಿನ ಸೀದಾ ಮಾಸ್ತರರ ಮುಂದೆ ಹೋಗಿ ನಿಂತಳು.

"ಸರ್, ಪ್ಲಗ್ ಕಿತ್ತ ಮೇಲೆ ಕರೆಂಟು ಎಲ್ಲಿಂದ ಬಂತು? ಇಲ್ಲ ಅಂದ್ರೆ ಇಲ್ಲ ಅಂತ್ಲೇ ಹೇಳಿ. ನಂಗೆ ಗೊತ್ತಾಗ್ಬೇಕು."

ಮಾಸ್ತರರು ಅಂದಿನ ಸುಟ್ಟ ವಾಲ್ವನ್ನು ಹುಡುಕಿ ತೆಗೆದು, ಅದೇ ಜಾಗದಲ್ಲಿ ಸಿಕ್ಕಿಸಿ, ಪೆಟ್ಟಿಗೆಗೆ ಕರೆಂಟು ಕೊಟ್ಟು, ಪ್ಲಗ್ಗು ಕಿತ್ತು ಅವಳ ಕೈಗೇ ಕೊಟ್ಟರು. ಹಿಡಿದುಕೋ ಎಂದರು. ಆಮೇಲೆ ಮುಚ್ಚಳ ತೆಗೆದು, ಒಣ ಬಿದಿರ ಕೋಲಿಗೆ ತಂತಿ ಸುತ್ತಿ, ತಂತಿಯ ಒಂದು ತುದಿಯನ್ನು ತಗಡಿಗೆ ಕಚ್ಚಿಸಿ, ಇನ್ನೊಂದನ್ನು ಒಳಗಿನ ಡಬ್ಬಿಯೊಂದಕ್ಕೆ ತಾಗಿಸಿದರು. ಚಟ್ಟೆಂದು ನೀಲಿ ಕಿಡಿ ಹಾರಿತು. ಕರೆಂಟು ಹಿಡಿದಿಟ್ಟುಕೊಳ್ಳುವ ಡಬ್ಬಿ ಅದು, ಅದೇ ಕಂಡೆನ್ಸರ್. ವಾಲ್ವುಗಳು ಸರಿಯಿದ್ದರೆ ಒಳಗಿನದು ಅವುಗಳ ಮೂಲಕ ಬೇಗ ಇಳಿದುಹೋಗುತ್ತದೆ, ಸುಟ್ಟಿದ್ದರೆ ಹೊರದಾರಿಯಿಲ್ಲದೆ ತಾಸುಗಟ್ಟಲೆ ನಿಲ್ಲುತ್ತದೆ. ಒಣ ಕೈಯಾದರೆ ಹೊಡೆದು ಬಿಟ್ಟೀತು. ಒದ್ದೆ ಮೈ, ಒದ್ದೆ ಪಂಚೆ, ತಗಡಿನ ಮೇಲೆ ಇನ್ನೊಂದು ಕೈ ಎಂದರೆ ಉಳಿಯುವುದು ಕಷ್ಟ.

"ಪ್ಲಗ್ಗು ನನ್ನ ಕೈಯಲ್ಲೇ ಇತ್ತು" ಎಂದು ಗಣಪಿ ಇವತ್ತಿಗೂ ಅಂಗೈ ಬಿಚ್ಚಿ ತೋರಿಸುತ್ತಾಳೆ. "ಕಿಡಿ ಅಲ್ಲಿ ಹಾರ್ತು. ಅಲ್ಲೇ ಕೂತು ಅತ್ಬಿಟ್ಟೆ. ದುಃಖಕ್ಕಲ್ಲ. ನನ್ನ ಮಗ್ಳು ಎಂತದೂ ಮಾಡ್ಲಿಲ್ಲ ಅಂತ ಕಣ್ಣಾರೆ ಕಂಡ್ನಲ್ಲ, ಅದ್ಕೆ."

ಅಂದಿನಿಂದ ಶುರುವಾದದ್ದು ಈ ದಿನಚರಿ. ಗುಂಡಿಗೆ ನೀರು, ಬಾಗಿಲಲ್ಲಿ ಚಪ್ಪಲಿ, ಮೇಜಿನ ಮುಂದೆ ನಿಲ್ಲಲು ಒಣ ಮರದ ಹಲಗೆ. ಮಳೆಗಾಲದಲ್ಲಿ ಯಂತ್ರಗಳ ಕಪಾಟಿನೊಳಗೆ ಬೂಸಲು ಹಿಡಿಯದಂತೆ ಒಂದು ಬಲ್ಬು ಉರಿಯುತ್ತಿರುತ್ತದೆ, ಅದು ಆರಿದೆಯೋ ಇಲ್ಲವೋ ಎಂದು ಭಾನುವಾರವೂ ಬಂದು ಇಣುಕುತ್ತಾಳೆ. ಪ್ಲಗ್ಗಿನ ಮೂರನೇ ಕಾಲನ್ನು ಯಾರಾದರೂ ಮುರಿದಿದ್ದಾರೆಯೇ ಎಂದು ದಿನಾ ಮುಟ್ಟಿ ನೋಡುತ್ತಾಳೆ. ಎರಡು ತೂತಿನ ಸಾಕೆಟ್ಟಿಗೆ ತುರುಕಲು ಆ ಕಾಲನ್ನು ಮುರಿಯುವುದು ನಮ್ಮವರಿಗೆ ಹಲ್ಲುಕಡ್ಡಿ ಮುರಿದಷ್ಟು ಸಲೀಸು. ನೆಲಕ್ಕೆ ಹೋಗುವ ದಾರಿ ಅದೊಂದೇ ಎಂದು ಯಾರಿಗೆ ನೆನಪು? ರಿಪೇರಿಗೆ ಮುಚ್ಚಳ ತೆಗೆಯಬೇಕಾದ ದಿನ ಮಾಸ್ತರರು ಬಿದಿರ ಕೋಲು ತಾಗಿಸುತ್ತಾರೆ, ಒಂದಲ್ಲ ಎರಡು ಸಲ. ಗಣಪಿ ಪ್ಲಗ್ಗು ಕೈಯಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ನಿಲ್ಲುತ್ತಾಳೆ. "ಆತು" ಎಂದು ಅವಳು ಹೇಳುವವರೆಗೆ ಯಾರ ಬೆರಳೂ ಒಳಗೆ ಹೋಗುವಂತಿಲ್ಲ.

ಸುತ್ತಲಿನ ಶಾಲೆಗಳು ಆಂಪ್ಲಿಫಯರು ಕೆಟ್ಟರೆ ಮಾಸ್ತರರಿಗೆ ಹೇಳಿಕಳಿಸುತ್ತವೆ. ಆಗ ಗಣಪಿಯೂ ಕೋಲು, ಹಲಗೆ ಹೊತ್ತು ಹೊರಡುತ್ತಾಳೆ. ಹೊನ್ನಾವರಕ್ಕೆ ಬಸ್ಸು, ಶರಾವತಿ ದಾಟಲು ಲಾಂಚು, ಆಚೆ ದಡದಿಂದ ಭಟ್ಕಳದ ಕಡೆಗೆ ಮತ್ತೆ ಬಸ್ಸು. ಶಿರಾಲಿಯ ಆಚೆಯ ಹಳ್ಳಿಯೊಂದರಲ್ಲಿ ಗುಂಡಿಯಿತ್ತು, ಗೋಡೆಯ ಮೇಲೆ ತಂತಿಯೂ ಇತ್ತು. ನಡುವಿನ ತುಂಡನ್ನು ಯಾರೋ ಕತ್ತರಿಸಿ ಎರಡು ತೆಂಗಿನ ಮರಕ್ಕೆ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಮಾಸ್ತರರು ನಗಲಾರದೆ ನಕ್ಕರು. ಗಣಪಿ ಆ ತಂತಿಯ ಮೇಲಿನ ಸಣ್ಣ ಸಣ್ಣ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಡಚಿಟ್ಟಳು.

ಪೆಟ್ಟೂ ತಿಂದಿದ್ದಾಳೆ, ಕೈಯದಲ್ಲ, ಮಾತಿನದು. ಕಳೆದ ವರ್ಷ ವಿದ್ಯಾರ್ಥಿಯೊಬ್ಬ ಬೆವರಿದ ಕೈಯನ್ನು ತೆರೆದ ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಗಣಪಿ ಪೊರಕೆಯ ಹಿಡಿಯಿಂದ ಮುಂಗೈಗೆ ಬಾರಿಸಿದಳು. ಕಸಗುಡಿಸುವವಳು ನನ್ನ ಮಗನ ಮೇಲೆ ಪೊರಕೆ ಎತ್ತಿದಳೆಂದು ಅಪ್ಪ ಕಾಲೇಜಿಗೇ ಬಂದು ಕೂಗಾಡಿದ. ಗಣಪಿ ತಪ್ಪಾಯಿತು ಎಂದಳು. "ಪೊರಕೆ ಅಲ್ದೇ ಬೇರೆ ಎಂತ ಇತ್ತು ನನ್ನ ಕೈಲಿ? ಮಗ ಜೀವಂತ ಇದ್ದದ್ದಕ್ಕೇ ಅಲ್ವಾ ಅವ್ರಿಗೆ ಬೈಯೂಕೆ ಆದದ್ದು. ಬೈಲಿ."

ಇಷ್ಟೆಲ್ಲ ಬಲ್ಲ ಗಣಪಿಗೆ ಮನೆಯೊಳಗಿನ ಒಂದು ಮಾತನ್ನು ತೆಗೆಯಲಾಗಲಿಲ್ಲ. ಅತ್ತೆಗೆ ಎಷ್ಟು ಸಲ ವಿವರಿಸಿದರೂ ಮಾದಿ ಎಲೆಯಡಿಕೆ ಜಗಿಯುತ್ತಾ ಆಚೆ ನೋಡುತ್ತಿದ್ದಳು. ಕೊನೆಗೆ ಈ ದಸರೆಯ ಹಿಂದಿನ ವಾರ, ಮಾಸ್ತರರಲ್ಲಿ ಕೇಳಿಕೊಂಡು, ಅತ್ತೆಯನ್ನೇ ಪ್ರಯೋಗಶಾಲೆಗೆ ಕರೆತಂದಳು. ಮಗ ಸತ್ತ ಮೇಲೆ ಮುದುಕಿ ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಗಣಪಿ ಅವಳ ಕಾಲಿಗೆ ತಾನೇ ಚಪ್ಪಲಿ ತೊಡಿಸಿದಳು, ಕಿತ್ತ ಪ್ಲಗ್ಗನ್ನು ಅವಳ ಕೈಗೇ ಕೊಟ್ಟಳು. ಮಾಸ್ತರರು ಕೋಲು ತಾಗಿಸಿದರು. ಕಿಡಿ ಹಾರಿತು.

ಮಾದಿ ಬೆಚ್ಚಲಿಲ್ಲ. ಬಗ್ಗಿ ಪೆಟ್ಟಿಗೆಯೊಳಗೆ ನೋಡಿದಳು.

"ಅಂವ ಒದ್ದೆ ಇದ್ದಿದ್ದಕ್ಕೆ ಹಿಡೀತು, ಅಷ್ಟೇ ಅಲ್ವಾ?"

"ಹೌದು ಅತ್ತೆ. ಅಷ್ಟೇ. ಮಗ್ಳಿಂದ ಎಂತದೂ ಇಲ್ಲ."

"ಎರಡೆರಡು ಸಲ ಎಂತಕ್ಕೆ ಮಿಂದ ಅಂವ?" ಮಾದಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಹುಟ್ಟದೇ ಇದ್ದಿದ್ರೆ ಮೀತಿರ್ಲಿಲ್ಲ."

ಪ್ಲಗ್ಗನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಕಳಚಿ ಹೊರಟುಹೋದಳು. ಏಳು ವರ್ಷ ಎದೆಗವಚಿಕೊಂಡಿದ್ದ ಉತ್ತರ ಒಂದೇ ಮಾತಿಗೆ ಕೈಬಿಟ್ಟಿತು, ಗಣಪಿ ಅಂದು ಮನೆಗೆ ಹೋಗಿ ಒಲೆ ಹಚ್ಚಲಿಲ್ಲ. ಅತ್ತೆ ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದೇ ಅವಳನ್ನು ಹೆಚ್ಚು ಸುಟ್ಟಿತು. ಅಜ್ಜಿ ಮನೆಯಲ್ಲೂ ಆಡಿದ ಆ ಮಾತು ಬಂಗಾರಿಯ ಕಿವಿಗೂ ಬಿತ್ತು. ಎಂಟು ವರ್ಷದ ಹುಡುಗಿ, ಬುದ್ಧಿ ಚುರುಕು. "ಅವ್ವಾ, ಅಪ್ಪ ಮಿಂದದ್ದು ನಾ ಹುಟ್ಟಿದ್ದಕ್ಕಾ?" ಎಂದು ಕೇಳಿಯೇಬಿಟ್ಟಳು.

ಮಗಳಿಗೆ ನೀವು ಏನು ಹೇಳಿದಿರಿ ಎಂದು ಕೇಳಿದರೆ ಗಣಪಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

"ಹೌದು ಮಗಾ, ನೀ ಹುಟ್ಟಿದ್ದಕ್ಕೇ ಮಿಂದ ಅಂದೆ. ಅಂಜಿ ಅಲ್ಲ, ಕುಶಿಗೆ. ನಿನ್ನ ಅಪ್ಪಂಗೆ ಕುಶಿ ತಡೀಲಿಲ್ಲ, ಅದ್ಕೆ ಇನ್ನೊಂದ್ಸಲ ಮಿಂದ ಅಂದೆ." ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಾಳೆ. "ಮಿಷನ್ ವಿಚಾರದಲ್ಲಿ ಇಷ್ಟು ವರ್ಷದಲ್ಲಿ ನಾ ಯಾರಿಗೂ ಸುಳ್ಳು ಹೇಳ್ಲಿಲ್ಲ. ಇದೊಂದು ನಂಗೆ ಬಿಡಿ."