ಮೂಗುದಾರವಿಲ್ಲದ ಅರಗಿನ ಎತ್ತು

ಇವತ್ತು ತುಮಕೂರಿನ ಪೋಸ್ಟ್ ಆಫೀಸಿನಲ್ಲಿ ನನ್ನ ಪಾರ್ಸೆಲ್ಲಿಗೆ ಸೀಲ್ ಹಾಕಲು ಗುಮಾಸ್ತರು ಅರಗು ಕರಗಿಸಿದರು. ಆ ವಾಸನೆ ಬಡಿದದ್ದೇ ತಡ, ನಾನು ಕುಣಿಗಲ್ಲಿನ ನಮ್ಮ ತಾತನ ಜಗಲಿಯಲ್ಲಿದ್ದೆ.

ತಾತ ಬೇಸಾಯದ ಜೊತೆಗೆ ಮರದ ಗೊಂಬೆ ಕಡೆದು ಅರಗಿನ ಬಣ್ಣ ಹಚ್ಚುತ್ತಿದ್ದರು. ನಮ್ಮ ಎತ್ತು ರಾಮ ಸತ್ತ ಮೇಲೆ ಎಷ್ಟೋ ದಿನ ಉಳಿ ಮುಟ್ಟಲಿಲ್ಲ. ಆಮೇಲೊಂದು ದಿನ ಕೂತು ಅವನನ್ನೇ ಮಾಡಿದರು. ಅದೇ ಬೆಳ್ಳನೆ ಮೈ, ಒಂದು ಕೊಂಬು ಸ್ವಲ್ಪ ಒಳಕ್ಕೆ ಬಾಗಿದ್ದು. ಮೂಗುದಾರ ಮಾತ್ರ ಇರಲಿಲ್ಲ.

ತಾತ ಮರೆತಿದ್ದಾರೆ ಅಂದುಕೊಂಡೆ. ದಬ್ಬಳ ಕಾಯಿಸಿ ಗೊಂಬೆಯ ಮೂಗಿಗೆ ತೂತು ಮಾಡಿ, ಕೆಂಪು ದಾರ ಪೋಣಿಸಿ, ಓಡಿಹೋಗಿ ತೋರಿಸಿದೆ. ಮೆಚ್ಚುತ್ತಾರೆ ಅಂತ ಕಾದು ನಿಂತೆ.

ತಾತ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ದಾರ ಬಿಚ್ಚುತ್ತಾ, "ಅಷ್ಟು ವರ್ಷ ನಾನೇ ಹಗ್ಗ ಹಿಡ್ಕಂಡು ಎಳ್ದಿದೀನಿ ಕಣವ್ವ. ಒಂದಿನಾನೂ ಹಾಯೋಕೆ ಬರ್ಲಿಲ್ಲ ಅವ್ನು. ಇನ್ನಾದ್ರೂ ಆರಾಮಾಗಿರ್ಲಿ ಬುಡು," ಅಂದರು. ಬಿಸಿ ಅರಗು ತೊಟ್ಟಿಕ್ಕಿಸಿ, ತೂತು ಮುಚ್ಚಿ, ಬರಿ ಹೆಬ್ಬೆರಳಲ್ಲಿ ಒತ್ತಿ ಹಿಡಿದರು.

"ಸುಡಲ್ವಾ ತಾತ?"

"ಅವ್ನಿಗೆ ಮೂಗು ಚುಚ್ಚಿಸ್ದಾಗ ಅವ್ನಿಗೂ ಉರ್ದಿರುತ್ತೆ," ಅಂದರು. ಬೆರಳು ತೆಗೆಯಲಿಲ್ಲ.

ಗುಮಾಸ್ತರು ಹಿತ್ತಾಳೆಯ ಸೀಲ್ ಒತ್ತಿ ಪಾರ್ಸೆಲ್ಲನ್ನು ಒಳಗಿಟ್ಟರು. ಮನೆಗೆ ಬಂದವಳೇ ಶೋಕೇಸಿನಿಂದ ಎತ್ತನ್ನು ತೆಗೆದೆ. ಮೈಬಣ್ಣ ಹಳದಿಗಟ್ಟಿದೆ. ಮೂಗಿನ ಮೇಲೆ ತಾತನ ಹೆಬ್ಬೆರಳಿನ ಗೆರೆಗಳು ಹಾಗೇ ಇವೆ.