ಎತ್ತಿ ಕುಡಿಯುವ ಟೀಚರ್

ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್, ರಿಟೈರ್ ಆದ ಮೇಲೆ ವೈನ್ ರುಚಿ ನೋಡಲು ಶುರುಮಾಡಿದರು. ಶಿವಮೊಗ್ಗದ ಸೂಪರ್ ಮಾರ್ಕೆಟ್‌ನಿಂದ ಇದ್ದುದರಲ್ಲೇ ಅಗ್ಗದ ಬಾಟಲಿ ತಂದು, ಸಂಜೆ ನನ್ನನ್ನು ಕರೆಯುತ್ತಿದ್ದರು. ಇಬ್ಬರಿಗೂ ಒಂದೇ ಸ್ಟೀಲ್ ಲೋಟ. ಎಂಜಲಾಗಬಾರದೆಂದು ಅದನ್ನು ತುಟಿಗೆ ತಾಕಿಸದೆ, ಮೇಲೆತ್ತಿ ಗಟಗಟ ಸುರಿದುಕೊಳ್ಳುತ್ತಿದ್ದರು. ಆಮೇಲೆ ಲೇಬಲ್ ಮೇಲೆಯೇ ಕೆಂಪು ಪೆನ್ನಿನಲ್ಲಿ ಮಾರ್ಕ್ಸ್. ಯಾವ ಬಾಟಲಿಯೂ ಮೂವತ್ತೈದು ದಾಟುತ್ತಿರಲಿಲ್ಲ. "ಹೋಗ್ಲಿ ಪಾಪ, ಪಾಸ್ ಮಾಡೋಣ" ಎನ್ನುತ್ತಿದ್ದರು.

ಒಂದು ದಿನ ನಾನು, "ಮೂಗಿನ ಹತ್ರ ಹಿಡಿದು, ಕಚ್ಚಿ ಕುಡೀಬೇಕಂತೆ ಟೀಚರ್. ಅರ್ಧ ರುಚಿ ವಾಸನೇಲೇ ಇರುತ್ತಂತೆ" ಎಂದೆ.

ಅವರು ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು. ನಮ್ಮ ಮನೆಗೆ ಬಂದಾಗ ಬರೀ ನೀರನ್ನೂ ಎತ್ತಿಯೇ ಕುಡಿದವರು. ಎದ್ದು ಹೋಗಿ ಕಿಟಕಿ ಹಾಕಿ ಬಂದು, ಕಣ್ಣು ಮುಚ್ಚಿ ಮೂಸಿ, ಒಂದು ಗುಟುಕು ಹೀರಿದರು. ಪೆನ್ನು ತೆಗೆದು ಅರವತ್ತು ಬರೆದರು.

ಲೋಟ ನನ್ನ ಕೈಗೆ ಬಂತು. ಅಭ್ಯಾಸಬಲದಿಂದ ಮೇಲೆತ್ತಿದೆ. ಟೀಚರ್ ನನ್ನ ಮೊಣಕೈ ಹಿಡಿದು ಕೆಳಗಿಳಿಸಿದರು.

"ಕಚ್ಚೇ ಕುಡಿ ಮಾರಾಯ್ತಿ. ಎತ್ತಿದ್ರೆ ಮಾರ್ಕ್ಸ್ ಕಮ್ಮಿ ಬರುತ್ತೆ."